ಮಳೆಗಾಲದಲ್ಲಿ ಚಿಕ್ಕ ಮಕ್ಕಳಿಗೆ ಚೆನ್ನೆಮಣೆ

ಮಳೆ ಹಿಡಿದ ಮೇಲೆ ಕಾರವಾರ, ಅಂಕೋಲಾ ಕಡೆಯ ಮನೆಗಳಲ್ಲಿ ನಾಲ್ಕೈದು ವರ್ಷದ ಮಕ್ಕಳನ್ನು ಒಳಗೇ ಕೂರಿಸಿಕೊಂಡು ಅಂಕಿ ತಿದ್ದಿಸುವ ಪಾಲಕರು, ಅಟ್ಟದ ಮೇಲಿನ ಚೆನ್ನೆಮಣೆಯನ್ನು (ಗುಳಿಗಳಲ್ಲಿ ಬೀಜ ಹಾಕಿ ಆಡುವ ಮಣೆ) ಕೆಳಗಿಳಿಸುವುದು ಒಳ್ಳೆಯದು. ಆಟದ ನಿಯಮಗಳನ್ನು ಮೊದಲ ದಿನವೇ ಹೇಳಿಕೊಡಬೇಕಾಗಿಲ್ಲ. 14 ಗುಳಿಗಳಿಗೆ ಒಂದೊಂದೇ ಹುಣಸೆ ಬೀಜ ಹಾಕುತ್ತಾ ಎಣಿಸಿದರೆ, ಒಂದು ವಸ್ತುವಿಗೆ ಒಂದೇ ಸಂಖ್ಯೆ ಎಂಬ ತಿಳಿವಳಿಕೆ ಕೈಯ ಮೂಲಕವೇ ಮನಸ್ಸಿಗೆ ಇಳಿಯುತ್ತದೆ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವೂ ಏಳು ಬೀಜ ಎಣಿಸಲು ತಡವರಿಸುವುದುಂಟು. ಬೆರಳ ತುದಿಯಿಂದ ಬೀಜ ಹೆಕ್ಕುವ ಅಭ್ಯಾಸವು ಮುಂದೆ ಪೆನ್ಸಿಲ್ ಹಿಡಿಯುವುದಕ್ಕೂ ನೆರವಾಗುತ್ತದೆ. ಬಳಿಕ "ಯಾವ ಗುಳಿಯಲ್ಲಿ ಹೆಚ್ಚಿದೆ?" ಎಂದು ಕೇಳಿ, ಉತ್ತರಕ್ಕೆ ಅವಸರಪಡಿಸದೆ ಕಾಯಬೇಕು.

ಆಟದಿಂದ ಓದು ಹಿಂದೆ ಬೀಳುತ್ತದೆಂಬ ಆತಂಕ ಅನಗತ್ಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದ ಬುನಾದಿ ಹಂತಕ್ಕೆ ಆಟ ಹಾಗೂ ಚಟುವಟಿಕೆ ಆಧಾರಿತ ಕಲಿಕೆಯನ್ನು ಹೇಳಿದೆ.

ಬೀಜಗಳ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಗುಲಗಂಜಿ ನೋಡಲು ಎಷ್ಟೇ ಚೆಂದವಿದ್ದರೂ ವಿಷಕಾರಿ; ನಮ್ಮ ಕರಾವಳಿಯಲ್ಲಿ ಹೇರಳವಾಗಿ ಸಿಗುವ ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹುಣಸೆ ಬೀಜವೂ ಗಂಟಲಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ, ದೊಡ್ಡವರು ಪಕ್ಕದಲ್ಲಿದ್ದು ಆಡಿಸಿ, ಆಟ ಮುಗಿದ ಕೂಡಲೇ ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕಿಡಬೇಕು. ಆ ಎಣಿಕೆಯನ್ನೂ ಮಗುವಿನಿಂದಲೇ ಮಾಡಿಸಬಹುದು.