ತಿರುವು ಹುಸಿಯಾಯಿತು ಅನ್ನಿಸಿದಾಗ ನಾನು ಮರಳಿ ಓದುವ ಬಗೆ

ಎಲ್ಲರೂ ಹೊಗಳಿದ ಸೈಕಲಾಜಿಕಲ್ ಥ್ರಿಲ್ಲರ್ ಮುಗಿಸಿ ‘ಇಷ್ಟೇನಾ?’ ಅನ್ನಿಸಿದರೆ, ಪೆನ್ಸಿಲ್ ಹಿಡಿದು ಅದರ ಮೊದಲ ಮೂರನೇ ಒಂದು ಭಾಗವನ್ನು ಮತ್ತೆ ಓದುತ್ತೇನೆ. ಕೊನೆ ಗೊತ್ತಿದ್ದು ಓದಿದಾಗಲೇ ಲೇಖಕರ ಕೈಚಳಕ ಕಾಣುವುದು, ಮೋಸ ಸಿಕ್ಕಿಬೀಳುವುದೂ ಆಗಲೇ.

ಮೊದಲು ಗುರುತು ಹಾಕುವುದು ‘ನಾನು’ ಎಂದು ಕತೆ ಹೇಳುವ ಪಾತ್ರದ ಯೋಚನೆಗಳಿಗೆ. ಆಕೆ ಪೊಲೀಸರಿಗೆ ಸುಳ್ಳು ಹೇಳಲಿ, ಡೈರಿಯಲ್ಲಿ ಸುಳ್ಳು ಬರೆಯಲಿ, ನನ್ನ ತಕರಾರಿಲ್ಲ. ಡೈರಿಯನ್ನು ಬೇರೆಯವರ ಕಣ್ಣಿಗೆ ಬೀಳಲೆಂದೇ ಬರೆದಿರಬಹುದು. ಆದರೆ ಒಬ್ಬಳೇ ಕೂತಿದ್ದಾಗ ‘ಇದನ್ನು ಯಾರು ಮಾಡಿದರೋ’ ಎಂದುಕೊಂಡವಳು ಕೊನೆಗೆ ತಾನೇ ಕೊಲೆಗಾರ್ತಿಯಾದರೆ, ಆ ಸಾಲು ಓದುಗರನ್ನು ದಾರಿ ತಪ್ಪಿಸಲೆಂದೇ ಇಟ್ಟದ್ದು. 1929ರಲ್ಲಿ ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕತೆಗಳಿಗೆ ಕೊಟ್ಟ ಹತ್ತು ನಿಯಮಗಳಲ್ಲಿ ಮೊದಲನೆಯದೇ ಇದು: ಅಪರಾಧಿ ಕತೆಯ ಆರಂಭದಲ್ಲೇ ಕಾಣಿಸಿಕೊಳ್ಳಬೇಕು, ಆದರೆ ಓದುಗರಿಗೆ ಯಾರ ಮನಸ್ಸಿನ ಮಾತು ಕೇಳಿಸಿದೆಯೋ ಅವರು ಅಪರಾಧಿಯಾಗಬಾರದು. ಇಂದಿನ ಥ್ರಿಲ್ಲರ್‌ಗಳು ಈ ಎರಡನೇ ಮಾತನ್ನು ಬೇಕೆಂದೇ ಮುರಿಯುತ್ತವೆ. ಮುರಿಯಲಿ, ಆದರೆ ಸುಳ್ಳು ಹೇಳದೆ ಮುರಿಯಬೇಕು. ‘ದೀಪ ಆರಿಸಿ ಕೆಳಗಿಳಿದೆ. ಕೈ ಇನ್ನೂ ನಡುಗುತ್ತಿತ್ತು’ ಎಂಬ ಸಾಲು ಮೊದಲ ಓದಿಗೆ ಭಯ, ಎರಡನೆಯದಕ್ಕೆ ಕೊಲೆಯ ಗುರುತು. ಎರಡು ಸಲವೂ ಅದು ನಿಜವೇ. ಒಳ್ಳೆಯ ಕಾದಂಬರಿಯಲ್ಲಿ ಇಂಥ ಸಾಲುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ.

ಬೇರೆ ಬೇರೆ ಕಾಲದಲ್ಲಿ ನಡೆಯುವ ಎರಡು ಎಳೆಗಳ ಕತೆಯಾದರೆ ಪ್ರತಿ ಅಧ್ಯಾಯಕ್ಕೂ ಒಂದು ಸಾಲು ಬರೆದುಕೊಳ್ಳುತ್ತೇನೆ: ಯಾರು, ಯಾವಾಗ, ಅದು ಹೇಗೆ ಗೊತ್ತಾಯಿತು. ಎಳೆಗಳ ನಡುವಿನ ವರ್ಷಗಳನ್ನು ಮುಚ್ಚಿಡಲು ಮಗುವಿನ ವಯಸ್ಸು, ಋತು, ಫೋನು ಎಲ್ಲವನ್ನೂ ಅಳಿಸಿಬಿಟ್ಟರೆ ಪಾತ್ರಗಳೇ ಸಪ್ಪೆಯಾಗುತ್ತವೆ. ‘ಮಧ್ಯದಲ್ಲಿ ಎಳೆದಾಡಿದ್ದಾರೆ’ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಮರೆವನ್ನು ನಂಬಿದ ಕತೆಗಳಲ್ಲಂತೂ ಇನ್ನೂ ಎಚ್ಚರ ಬೇಕು. ವಿಪರೀತ ಕುಡಿತದಿಂದ ಪೂರ್ತಿ ಬ್ಲ್ಯಾಕೌಟ್ (ಎಚ್ಚರವಿದ್ದರೂ ಏನೂ ನೆನಪುಳಿಯದ ಸ್ಥಿತಿ) ಆದಾಗ ಆ ಹೊತ್ತಿನ ನೆನಪು ಮಿದುಳಿನಲ್ಲಿ ಅಚ್ಚಾಗಿರುವುದೇ ಇಲ್ಲ. ಕೊನೆಯ ಅಧ್ಯಾಯದಲ್ಲಿ ಆ ರಾತ್ರಿಯೆಲ್ಲ ಸಂಭಾಷಣೆ ಸಮೇತ ಮರಳಿ ಬಂದರೆ ಅದು ಲೇಖಕರ ಅನುಕೂಲಕ್ಕಷ್ಟೇ. ಆಗಾಗ ಚೂರುಚೂರು ನೆನಪಾಗುವುದಾದರೆ ಒಪ್ಪಬಹುದು.

ಕೊನೆಗೆ ಅಪರಾಧದ ಉದ್ದೇಶವನ್ನು ಹುಡುಕುತ್ತೇನೆ. ಅದರ ಸುಳಿವು ಮೊದಲರ್ಧದಲ್ಲಿ ಎಲ್ಲೂ ಇಲ್ಲದೆ, ಖಳನೇ ನಿಂತು ಪುಟಗಟ್ಟಲೆ ವಿವರಿಸಬೇಕಾಗಿ ಬಂದರೆ ಆ ತಿರುವು ಕತೆಯೊಳಗಿಂದ ಹುಟ್ಟಿದ್ದಲ್ಲ. ಕೊನೆಯನ್ನು ಮೊದಲೇ ಊಹಿಸಿದೆ ಎಂಬ ಕಾರಣಕ್ಕೆ ಮಾತ್ರ ನಾನು ಯಾವ ಪುಸ್ತಕವನ್ನೂ ತಳ್ಳಿಹಾಕುವುದಿಲ್ಲ. ‘ಊಹಿಸಲಾಗದ ತಿರುವು’ ಎಂದು ಮುಖಪುಟದಲ್ಲೇ ಸಾರಿದರೆ ಮೊದಲ ಪುಟದಿಂದಲೇ ಎಲ್ಲರ ಮೇಲೂ ಅನುಮಾನ ಬರುತ್ತದೆ. ಆ ತಪ್ಪು ಜಾಹೀರಾತಿನದು, ಕತೆಯದಲ್ಲ.