ಶೂಗೆ ‘ಹಕು’, ಟೋಪಿಗೆ ‘ಕಬುರು’: ಜಪಾನೀಸ್‌ನಲ್ಲಿ ಸಹಜ ಪದ ಆರಿಸುವುದು ಹೇಗೆ?

ಮೊದಲು ‘ನೀವು’ ಬಿಡಿ. ‘ಅನಾತ’ ಅಂದರೆ ನೀವು ಅಂತ ಶುರುವಿನ ಪಾಠದಲ್ಲೇ ಬರುತ್ತದೆ. ಆದರೆ ಮೇಷ್ಟ್ರಿಗೋ ಹಿರಿಯರಿಗೋ ಹಾಗನ್ನುವುದು ಮರ್ಯಾದೆ ಅನಿಸುವುದಿಲ್ಲ. ತನಾಕಾ ಅನ್ನುವವರು ಎದುರಿಗೇ ಕೂತಿದ್ದರೂ ‘ತನಾಕಾ-ಸಾನ್ ವಾ ಇಕಿಮಾಸ್ ಕಾ’ ಎಂದು ಹೆಸರು ಹಿಡಿದೇ ‘ಹೋಗ್ತೀರಾ’ ಎಂದು ಕೇಳುತ್ತಾರೆ (‘ಸಾನ್’ ಹೆಸರಿನ ಜೊತೆ ಸೇರುವ ಮರ್ಯಾದೆಯ ಮಾತು). ಎಷ್ಟೋ ಸಲ ಹೆಸರೂ ಬೇಡ. ‘ಊಟ ಆಯ್ತಾ?’ ಅನ್ನುವಾಗ ನಾವೂ ‘ನಿಮ್ಮದು’ ಸೇರಿಸುವುದಿಲ್ಲ, ಅಲ್ವಾ? ಇಂಗ್ಲಿಷ್ ಮೂಲಕ ಹೋಗದೆ ಕನ್ನಡದಿಂದಲೇ ನೇರ ಹೋಗಿ. ಕ್ರಿಯಾಪದ ಕೊನೆಗೆ ಬರುವುದು ಎರಡರಲ್ಲೂ ಒಂದೇ.

ಎರಡನೆಯದು, ನನಗೆ ತುಂಬಾ ಇಷ್ಟವಾದದ್ದು: ನಾಮಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಕ್ರಿಯಾಪದದ ಜೊತೆಗೇ ಬರೆದುಕೊಳ್ಳಿ. ನಾವು ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಅವರಲ್ಲೂ ಹಾಗೇ. ಅಂಗಿಗೆ ‘ಕಿರು’, ಟೋಪಿಗೆ ‘ಕಬುರು’, ಕನ್ನಡಕಕ್ಕೆ ‘ಕಕೆರು’. ಶೂ, ಪ್ಯಾಂಟು, ಹೀಗೆ ಸೊಂಟದಿಂದ ಕೆಳಗಿನದಕ್ಕೆ ‘ಹಕು’. ನಮ್ಮ ‘ಹಾಕು’ವಿನ ಹಾಗೇ ಕೇಳಿಸುತ್ತದೆ. ಸಂಬಂಧವೇನೂ ಇಲ್ಲ, ಆದರೆ ನೆನಪಿಟ್ಟುಕೊಳ್ಳಲು ಸುಲಭ.

ಮೂರನೆಯದು, ಸಂದರ್ಭ. ಜಪಾನಿನಲ್ಲಿ 2020ರ ಜುಲೈನಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ದುಡ್ಡು ಕೊಡಬೇಕು. ಹಾಗಾಗಿ ‘ಕೊಂಬಿನಿ’ ಅನ್ನುವ ಚಿಕ್ಕ ಅಂಗಡಿಗಳ ಕೌಂಟರಿನಲ್ಲಿ ಚೀಲ ಬೇಕಾ ಎಂಬ ಪ್ರಶ್ನೆ ಬರುತ್ತದೆ. ಪಾಠದಲ್ಲಿ ಕಲಿತವರು ಬೇಡ ಅನ್ನಲು ‘ಈಯೆ’, ಅಂದರೆ ‘ಇಲ್ಲ’, ಅನ್ನುತ್ತಾರೆ. ತಪ್ಪಲ್ಲ, ಆದರೆ ಸ್ವಲ್ಪ ಬಿರುಸು. ಅಲ್ಲಿನವರು ಜಾಸ್ತಿ ಅನ್ನುವುದು ‘ದೈಜೋಬು ದೆಸ್’. ‘ಪರವಾಗಿಲ್ಲ, ಇರಲಿ ಬಿಡಿ’ ಅಂತೀವಲ್ಲ, ಹಾಗೆ. ವಿದಾಯ ಹೇಳುವ ‘ಸಯೋನಾರ’ದ್ದೂ ಇದೇ ಕತೆ. ನಾಳೆ ಮತ್ತೆ ಸಿಗುವ ಗೆಳೆಯರಿಗೆ ಅದು ಭಾರವಾದ ಮಾತು. ಅವರಿಗೆ ‘ಜಾ ನೆ’ (ಸರಿ, ಬರ್ತೀನಿ) ಅಥವಾ ‘ಮತಾ ಅಶಿತಾ’ (ನಾಳೆ ಸಿಗೋಣ) ಸಾಕು. ಆಫೀಸಿನಿಂದ ಮೊದಲು ಹೊರಡುವವರು ‘ಒಸಾಕಿ ನಿ ಶಿತ್ಸುರೇ ಶಿಮಾಸ್’ (ನಿಮಗಿಂತ ಮೊದಲು ಹೊರಡ್ತೀನಿ, ಕ್ಷಮಿಸಿ) ಎಂದಾಗ, ಉಳಿದವರು ‘ಒತ್ಸುಕಾರೆಸಮಾ ದೆಸ್’ (ದಣಿದಿದ್ದೀರಿ, ಒಳ್ಳೇ ಕೆಲಸ ಆಯ್ತು ಅನ್ನುವ ಹಾಗೆ) ಅನ್ನುತ್ತಾರೆ.

ಕೊನೆಗೆ, ನೀವೇ ಕಟ್ಟಿದ ಮಾತನ್ನು ಪರೀಕ್ಷೆ ಮಾಡಿ. ಇಡೀ ಪದಗುಚ್ಛವನ್ನು ಜಪಾನೀಸ್ ಲಿಪಿಯಲ್ಲಿ, ಉದ್ಧರಣ ಚಿಹ್ನೆಯೊಳಗಿಟ್ಟು ಅಂತರ್ಜಾಲದಲ್ಲಿ ಹುಡುಕಿ. ಅಲ್ಲಿನವರೇ ಬರೆದ ವಾಕ್ಯ ಸಿಕ್ಕರೆ ಇಟ್ಟುಕೊಳ್ಳಿ. ಮಾತ್ರೆಗೆ ‘ತಿನ್ನು’ ಅಂತ ‘ತಬೆರು’ ಹಾಕಿ ಹುಡುಕಿ, ಆಮೇಲೆ ‘ಕುಡಿ’ ಅನ್ನುವ ‘ನೊಮು’ ಹಾಕಿ ನೋಡಿ. ಜಪಾನೀಯರು ಮಾತ್ರೆಯನ್ನೂ ಕುಡಿಯುತ್ತಾರೆ.