ವಸಡಲ್ಲಿ ರಕ್ತ ಬಂದರೆ ಬ್ರಷ್ ನಿಲ್ಲಿಸಬೇಡಿ

ಹಲ್ಲುಜ್ಜಿ ಉಗುಳಿದಾಗ ನೊರೆ ಕೆಂಪಗಿದ್ದರೆ ಹೆಚ್ಚಿನವರು ಮರುದಿನದಿಂದ ಆ ಜಾಗವನ್ನೇ ಬಿಟ್ಟು ಉಜ್ಜುತ್ತಾರೆ. ಮಾಡಬೇಕಾದದ್ದು ಅದರ ಉಲ್ಟಾ. ಹಲ್ಲು, ವಸಡು ಕೂಡುವ ಸಂದಿಯಲ್ಲಿ ಅಂಟು ಕೊಳೆ ಕೂತಿರುವುದರಿಂದಲೇ ವಸಡು ಊದಿ ರಕ್ತ ಒಸರುವುದು. ಬಿಟ್ಟರೆ ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಜಗ್ಗುವುದಿಲ್ಲ.

ಮೊದಲು ಬ್ರಷ್. ‘ಸಾಫ್ಟ್’ ಎಂದಿರುವ, ತಲೆ ಚಿಕ್ಕದಿರುವ ಬ್ರಷ್ ತನ್ನಿ. ‘ಹಾರ್ಡ್’ ಬೇಡವೇ ಬೇಡ.

ಆಮೇಲೆ ಪೇಸ್ಟ್. ಹುಳುಕು ತಡೆಯುವ ಫ್ಲೋರೈಡ್ ಸುಮಾರು 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಇರಲಿ, ದೊಡ್ಡವರಿಗೆ ಬಟಾಣಿ ಗಾತ್ರ ಸಾಕು. ಇದ್ದಿಲು ಪುಡಿ, ಉಪ್ಪು, ತರಿತರಿಯಾದ ಹಲ್ಲುಪುಡಿ ಇವೆಲ್ಲ ಹಲ್ಲಿನ ಹೊರಪದರವಾದ ಎನಾಮಲ್ ಸವೆಸುತ್ತವೆ, ಜಾಹೀರಾತು ಏನೇ ಹೇಳಲಿ. ಫ್ಲೋರೈಡ್ ಅಂದರೆ ಹಲ್ಲು ಕಂದಾಗುತ್ತದೆ ಎಂಬ ಭಯವೇ? ಕೋಲಾರ, ಪಾವಗಡದ ಕಡೆ ಹಲ್ಲು ಕಂದಾಗುವುದು ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ. ಪೇಸ್ಟನ್ನು ಉಗುಳುವ ದೊಡ್ಡವರಿಗೆ ಆ ಭಯ ಬೇಡ.

ಈಗ ಎಲ್ಲರೂ ಕೆಡಿಸುವ ಹಂತ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಪೆನ್ನು ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದರೆ ಒತ್ತಡ ತಾನಾಗಿಯೇ ಕಡಿಮೆಯಾಗುತ್ತದೆ. ಎಳೆಗಳು ಅರ್ಧ ವಸಡಿನ ಮೇಲೆ, ಅರ್ಧ ಹಲ್ಲಿನ ಮೇಲೆ ಇರುವಂತೆ 45 ಡಿಗ್ರಿ ಓರೆಯಾಗಿಡಿ. ಮೇಲಿನ ಸಾಲಿಗೆ ಎಳೆಗಳ ಮುಖ ಮೇಲಕ್ಕೆ, ಕೆಳಗಿನ ಸಾಲಿಗೆ ಕೆಳಕ್ಕೆ. ಒಮ್ಮೆಗೆ ಎರಡು ಮೂರು ಹಲ್ಲು ಅಷ್ಟೇ. ಇಟ್ಟ ಜಾಗದಲ್ಲೇ ಹತ್ತು ಸಲ ಸಣ್ಣಗೆ ಅಲುಗಾಡಿಸಿ, ನಂತರ ವಸಡಿನಿಂದ ಹಲ್ಲಿನ ತುದಿಯತ್ತ ಗುಡಿಸಿ. ಗರಗಸದ ಹಾಗೆ ಅಡ್ಡಡ್ಡ ಎಳೆದರೆ ವಸಡು ಸವೆದು ಬೇರು ಹೊರಗೆ ಕಾಣುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ಉಜ್ಜಿ. ನಾಲಿಗೆ ಕೆಳಗಿನ ಜೊಲ್ಲಿನ ನಾಳ ಅಲ್ಲೇ ತೆರೆಯುವುದರಿಂದ ಕೊಳೆ ಜಾಸ್ತಿ ಗಟ್ಟಿಯಾಗುವುದೂ ಅಲ್ಲೇ.

ಒಟ್ಟು ಎರಡು ನಿಮಿಷ, ದಿನಕ್ಕೆರಡು ಸಲ. ಒಂದನ್ನು ತಪ್ಪಿಸಲೇಬೇಕೆಂದರೆ ಬೆಳಗಿನದ್ದು ತಪ್ಪಿಸಿ, ರಾತ್ರಿಯದ್ದಲ್ಲ. ನೊರೆ ಉಗುಳಿ ಸುಮ್ನಿರಿ. ಗಳಗಳ ಬಾಯಿ ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ಸಿಂಕಿನ ಪಾಲು.

ಹಲ್ಲಿನ ಸಂದಿಗೆ ಫ್ಲಾಸ್ ದಾರ. ಸೇಫ್ಟಿ ಪಿನ್ ಅಲ್ಲ!

ಮೊದಲ ಕೆಲವು ದಿನ ರಕ್ತ ಬಂದೇ ಬರುತ್ತದೆ, ಮುಂದುವರಿಸಿ. ಎರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರ ಹತ್ತಿರ ಕ್ಲೀನಿಂಗ್ ಮಾಡಿಸಿ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ’ ಅನ್ನುವವರು ಎಲ್ಲ ಮನೆಯಲ್ಲೂ ಇದ್ದಾರೆ ಅಲ್ವಾ? ಕೊಳೆ ತುಂಬಿದ್ದ ಸಂದಿ ಖಾಲಿಯಾದಾಗ ಹಾಗನ್ನಿಸುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆ ಇದ್ದವರು ಎರಡು ವಾರ ಕಾಯುವುದೂ ಬೇಡ. ಬೀಡಿ, ಸಿಗರೇಟು ಸೇದುವವರ ವಸಡು ಒಳಗೇ ಕೆಟ್ಟಿದ್ದರೂ ರಕ್ತ ಅಷ್ಟಾಗಿ ಕಾಣುವುದಿಲ್ಲ. ಅವರು ನೊರೆ ಕೆಂಪಗಾಗಲಿ ಎಂದು ಕಾಯದೆ ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಲಿ.